ವೆನಿಸ್‌ನಲ್ಲಿ ಒಂದು ದಿನ: ಏರೋ ನೀರು, ಇಳಿಯೋ ನೀರು, ಕುಡಿಯೋ ನೀರು

ಬೇರೆ ಊರಿಗೆ ಹೊರಡೋ ಹಿಂದಿನ ರಾತ್ರಿ ನಾಳೆ ಮಳೆ ಬರತ್ತಾ ಅಂತ ಫೋನ್ ನೋಡ್ತೀವಲ್ಲ, ವೆನಿಸ್‌ಗೆ ಹೋಗೋವಾಗ ನಾಳೆ ಸಮುದ್ರ ಎಷ್ಟು ಏರತ್ತೆ ಅಂತ ನೋಡ್ಬೇಕು, ಅದ್ರಲ್ಲೂ ನವೆಂಬರ್ ಆದ್ರೆ ತಪ್ಪದೇ ನೋಡ್ಬೇಕು. ನಾವು ಹೋಗಿದ್ದು ನವೆಂಬರ್‌ನ ಒಂದು ಶುಕ್ರವಾರ, ಹುಣ್ಣಿಮೆ ಆಸುಪಾಸು. ನಾನು, ನನ್ ಹೆಂಡ್ತಿ, ಅಮ್ಮ, ಮೂರು ಜನ. ಕೈಲಿದ್ದಿದ್ದು ಒಂದೇ ದಿನ, ಮಾರನೇ ದಿನ ಬೆಳಿಗ್ಗೆ ಫ್ಲಾರೆನ್ಸ್‌ಗೆ ಟ್ರೈನ್ ಬುಕ್ ಆಗಿತ್ತು. ಉಳ್ಕೊಂಡಿದ್ದು ವೆನಿಸ್ ಒಳಗಲ್ಲ, ಈಚೆ ದಡದ ಮೆಸ್ತ್ರೆಲಿ, ಅಲ್ಲಿ ರೂಮ್ ರೇಟು ಕಮ್ಮಿ, ಹತ್ತು ಹನ್ನೆರಡು ನಿಮಿಷದ ಟ್ರೈನ್ ದಾರಿ ಅಷ್ಟೇ.

ಮುನ್ಸೂಚನೆ ನೋಡಿದ್ರೆ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ 95 ಸೆಂಟಿಮೀಟರ್ ಅಂತಿತ್ತು. ಹೆಂಡ್ತಿ ಗಾಬರಿ ಆದ್ಲು, ಸೊಂಟದ ತನಕ ನೀರು ಬರತ್ತಾ, ಅತ್ತೆನ ಹೇಗೆ ಕರ್ಕೊಂಡು ಹೋಗೋದು ಅಂತ. ಇದು ತುಂಬಾ ಜನಕ್ಕೆ ಆಗೋ ಗೊಂದಲ, ಅದಕ್ಕೇ ಮೊದ್ಲೇ ಹೇಳ್ಬಿಡ್ತೀನಿ. ಅವ್ರು ಹೇಳೋ ಆ ಅಂಕಿ ರಸ್ತೆ ಮೇಲೆ ನಿಲ್ಲೋ ನೀರಿನ ಆಳ ಅಲ್ಲ, 1897ರಲ್ಲಿ ಸಲೂತೆ ಚರ್ಚಿನ ಹತ್ರ ಗುರುತು ಮಾಡಿದ ಸರಾಸರಿ ಸಮುದ್ರ ಮಟ್ಟದಿಂದ ನೀರು ಎಷ್ಟು ಮೇಲೆ ಬಂದಿದೆ ಅನ್ನೋ ಲೆಕ್ಕ. ಊರಿನ ನೆಲ ಆ ಗುರುತಿಗಿಂತ ಮೇಲಿದೆ, ಒಂದೊಂದು ಕಡೆ ಒಂದೊಂದು ಎತ್ತರ. 95 ಅಂದ್ರೆ ತುಂಬಾ ತಗ್ಗಿರೋ ಸಾನ್ ಮಾರ್ಕೊ ಚೌಕದಲ್ಲಿ ಪಾದ ಮುಳುಗೋ ಅಷ್ಟು ನೀರು, ಊರಿನ ಮಿಕ್ಕ ಭಾಗ ಬಹುಪಾಲು ಒಣಗೇ ಇರತ್ತೆ. ಊರಿಗೆಲ್ಲ ಸೈರನ್ ಕೂಗೋದು 110 ಮುಟ್ಟೋ ಸೂಚನೆ ಇದ್ರೆ. 2019ರ ನವೆಂಬರ್ 12ರ ರಾತ್ರಿ 187 ಬಂದಿತ್ತು, 1966ರ ನವೆಂಬರ್ 4ಕ್ಕೆ 194. ಆ ಅಂಕಿಗಳನ್ನ ಇಟ್ಕೊಂಡು ನೋಡಿದ್ರೆ 95 ಏನೇನೂ ಅಲ್ಲ. ನಿಜ ಹೇಳ್ಬೇಕಂದ್ರೆ ನನಗೆ ಒಳಗೊಳಗೇ ಖುಷಿ ಆಯ್ತು, ಒಂದೇ ದಿನದಲ್ಲಿ ನೀರು ಏರೋದನ್ನೂ ನೋಡ್ಬಹುದು ಇಳಿಯೋದನ್ನೂ ನೋಡ್ಬಹುದು, ಹಾಗಾಗಿ ದಿನದ ಪ್ಲಾನ್ ಪೂರ್ತಿ ಆ ಟೈಮಿಗೆ ಹೊಂದಿಸ್ಕೊಂಡೆ.

ಬೆಳಿಗ್ಗೆ ಏಳಕ್ಕೆ ಮೆಸ್ತ್ರೆ ಬಿಟ್ವಿ. ಸ್ವಲ್ಪ ದೂರ ಹೋಗ್ತಿದ್ದ ಹಾಗೆ ಟ್ರೈನಿನ ಎರಡೂ ಕಡೆ ನೆಲ ಮುಗಿದು ನೀರು ಶುರು ಆಗತ್ತೆ, ಸುಮಾರು 4 ಕಿಲೋಮೀಟರ್ ಸೇತುವೆ, ರೈಲಿಗೆ ಅಂತ 1846ರಲ್ಲಿ ಕಟ್ಟಿದ್ದು, ಪಕ್ಕದಲ್ಲಿ ರಸ್ತೆ ಬಂದಿದ್ದು 1933ರಲ್ಲಿ. ಅಂದ್ರೆ 1846ಕ್ಕೆ ಮುಂಚೆ ಈ ಊರಿಗೆ ದೋಣಿ ಬಿಟ್ರೆ ದಾರೀನೇ ಇರ್ಲಿಲ್ಲ, ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಹಾಗೇ ಬದುಕಿದ ಊರು. ಮಂಜು ಇತ್ತು, ನೀರಲ್ಲಿ ದೋಣಿಗಳಿಗೆ ದಾರಿ ತೋರ್ಸೋಕೆ ನೆಟ್ಟಿರೋ ಮರದ ಕಂಬಗಳು ಮೂರ್ಮೂರು ಒಟ್ಟಿಗೆ ಕಟ್ಟಿದ್ದು ಕಾಣ್ತಿತ್ತು, ಅದರ ಮೇಲೆ ಬೆಳ್ಳಕ್ಕಿ ತರದ ಹಕ್ಕಿಗಳು ಕೂತಿದ್ವು.

ಸಾಂತಾ ಲೂಚಿಯಾ ಸ್ಟೇಷನ್ನಿಂದ ಹೊರಗೆ ಕಾಲಿಟ್ಟ ಕೂಡ್ಲೆ ಎದುರಿಗೇ ಗ್ರ್ಯಾಂಡ್ ಕೆನಾಲ್. ಸ್ಟೇಷನ್ ಎದುರು ಆಟೋ ಸ್ಟ್ಯಾಂಡ್ ಇರ್ಬೇಕಾದ ಜಾಗದಲ್ಲಿ ನೀರು ಅದರ ಮೇಲೆ ದೋಣಿಗಳು, ಆಚೆ ದಡದಲ್ಲಿ ಹಸಿರು ಗುಮ್ಮಟದ ಸಾನ್ ಸಿಮಿಯೋನೆ ಚರ್ಚು. ಎಷ್ಟು ಫೋಟೋ ನೋಡಿದ್ರೂ ಆ ಮೊದಲ ನೋಟಕ್ಕೆ ತಯಾರಿ ಅಂತ ಇಲ್ಲ. ಅಮ್ಮ ಮೆಟ್ಟಿಲ ಮೇಲೆ ನಿಂತ್ಬಿಟ್ರು, ಎರಡು ನಿಮಿಷ ಮಾತೇ ಆಡ್ಲಿಲ್ಲ.

ವಾಪೊರೆತ್ತೊ ಅಂತಾರೆ ಇಲ್ಲಿನ ಸಿಟಿ ಬಸ್ಸಿಗೆ, ಅಂದ್ರೆ ನೀರಿನ ಬಸ್ಸು. ಒಂದು ಸಲದ ಟಿಕೆಟ್ 75 ನಿಮಿಷಕ್ಕೆ 9.50 ಯೂರೋ, 24 ಗಂಟೆ ಪಾಸು 25 ಯೂರೋ, ದಿನಕ್ಕೆ ಮೂರು ಸಲ ಹತ್ತಿದ್ರೆ ಪಾಸೇ ಲಾಭ, ಅಮ್ಮನ ಮಂಡಿ ನೋವು ಇರೋದ್ರಿಂದ ನಾವು ಯೋಚ್ನೆ ಮಾಡದೆ ಪಾಸ್ ತಗೊಂಡ್ವಿ. ಪ್ರತಿ ಸಲ ಹತ್ತೋ ಮುಂಚೆ ಮೆಷಿನ್ನಿಗೆ ತೋರಿಸಿ ಬೀಪ್ ಅನ್ನಿಸ್ಬೇಕು, ಮರೀಬೇಡಿ. ಇನ್ನೊಂದು ವಿಷ್ಯ, 2024ರ ಏಪ್ರಿಲ್ 25ರಿಂದ ಒಂದು ದಿನಕ್ಕೆ ಬಂದು ಹೋಗೋರ ಹತ್ರ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ತಗೊಳ್ಳೋಕೆ ಶುರು ಮಾಡಿದಾರೆ, ಆನ್‌ಲೈನಲ್ಲಿ ಕಟ್ಟಿ ಕ್ಯೂಆರ್ ಕೋಡ್ ಇಟ್ಕೋಬೇಕು. ಅದು ವಸಂತ ಬೇಸಿಗೆ ಜನಜಂಗುಳಿ ದಿನಗಳಿಗೆ, ನವೆಂಬರಲ್ಲಿ ನಮಗೆ ಇರ್ಲಿಲ್ಲ.

ಲೈನ್ 1 ಹತ್ತಿ, ಅದು ಎಲ್ಲಾ ಸ್ಟಾಪಲ್ಲೂ ನಿಲ್ಲೋ ನಿಧಾನದ ಬೋಟು, ಅದೇ ಬೇಕಾಗಿರೋದು. ಗ್ರ್ಯಾಂಡ್ ಕೆನಾಲ್ ಒಟ್ಟು 3.8 ಕಿಲೋಮೀಟರ್ ಇದೆ, ಊರಿನ ಮಧ್ಯ ಹಾವಿನ ಹಾಗೆ ಎರಡು ಸಲ ತಿರುಗತ್ತೆ, ಅದರ ಮೇಲೆ ಇರೋದು ನಾಲ್ಕೇ ಸೇತುವೆ. ಎರಡೂ ದಡದಲ್ಲಿ ಅರಮನೆ ತರದ ಮನೆಗಳು, ಎಲ್ಲದರ ಮುಂಬಾಗಿಲೂ ನೀರಿಗೇ, ನಡೆದು ಬರೋ ಬಾಗಿಲು ಹಿತ್ತಲ ಕಡೆ. ನಾವು ಹೊರಗೆ ನಿಂತು ನೋಡ್ತಿದ್ದಿದ್ದು ಆ ಅರಮನೆಗಳಿಗಿಂತ ಹೆಚ್ಚಾಗಿ ದೋಣಿಗಳನ್ನ. ತರಕಾರಿ ಕ್ರೇಟು ತುಂಬಿದ ದೋಣಿ, ಲಾಂಡ್ರಿ ಮೂಟೆ ದೋಣಿ, ಕಸದ ದೋಣಿ, ಸಿಮೆಂಟು ಮರಳು ಹೊತ್ತ ದೋಣಿ, ಕೊರಿಯರ್ ದೋಣಿ, ಒಂದು ಹಳದಿ ಆಂಬುಲೆನ್ಸ್ ದೋಣಿ ನಮ್ಮನ್ನ ದಾಟ್ಕೊಂಡು ಹೋಯ್ತು. ಬೆಳಿಗ್ಗೆ ಎಂಟರ ಒಳಗೆ ಬಂದ್ರೆ ಈ ಊರು ಊರಾಗಿ ಕಾಣತ್ತೆ, ಹತ್ತರ ಮೇಲೆ ನಮ್ಮಂಥೋರೇ ತುಂಬ್ಕೊಂಡಿರ್ತೀವಿ. ಪ್ರತಿ ಸ್ಟಾಪಲ್ಲೂ ಬೋಟಿನ ಹುಡುಗಿ ದಪ್ಪ ಹಗ್ಗ ಎಸೆದು ಒಂದೇ ಸುತ್ತು ಸುತ್ತಿ ಎಳೆದು ನಿಲ್ಸೋಳು, ಗೇಟ್ ಸರಿಸೋಳು, ಮತ್ತೆ ಬಿಚ್ಚೋಳು, ಅಮ್ಮ ಅವಳ ಕೈಯನ್ನೇ ನೋಡ್ತಿದ್ರು.

ಕಾ ದೋರೊ ಸ್ಟಾಪಲ್ಲಿ ಇಳಿದ್ವಿ. ಚಿನ್ನದ ಮನೆ ಅಂತ ಅರ್ಥ, 15ನೇ ಶತಮಾನದ್ದು, ಆಗ ಮುಂಭಾಗಕ್ಕೆ ನಿಜವಾಗ್ಲೂ ಚಿನ್ನದ ತಗಡು ಹಚ್ಚಿದ್ರು, ಈಗ ಕಲ್ಲಿನ ಜಾಲಂಧ್ರ ಕೆಲಸ ಮಾತ್ರ ಉಳಿದಿದೆ. ಇಳಿದ ಕಾರಣ ಅದಲ್ಲ, ಪಕ್ಕದಲ್ಲೇ ಸಾಂತಾ ಸೋಫಿಯಾ ಹತ್ರ ತ್ರಾಗೆತ್ತೊ ಇದೆ, ಅಂದ್ರೆ ಈ ದಡದಿಂದ ಆ ದಡಕ್ಕೆ ದಾಟ್ಸೋ ಗೊಂಡೊಲಾ, ಮುಂದೊಬ್ಬ ಹಿಂದೊಬ್ಬ ಹುಟ್ಟು ಹಾಕ್ತಾರೆ, ನಮ್ಮಂಥ ಹೊರಗಿನೋರಿಗೆ ತಲೆಗೆ 2 ಯೂರೋ. ಅಲಂಕಾರ ಮಾಡಿದ ಗೊಂಡೊಲಾ ಸವಾರಿ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ರಾತ್ರಿ 110, ಅದು ಊರಿನ ಆಡಳಿತವೇ ಕಟ್ಟಿದ ರೇಟು, ಒಂದು ದೋಣಿಗೆ, ತಲೆಗಲ್ಲ. ಹೊಸದಾಗಿ ಮದುವೆ ಆದೋರು ಹತ್ತಲಿ ಪಾಪ, ನಮಗೆ ಈ ಎರಡು ನಿಮಿಷದ ದಾಟು ಸಾಕಾಯ್ತು. ಊರಿನೋರು ಬ್ಯಾಗು ಹಿಡ್ಕೊಂಡು ನಿಂತ್ಕೊಂಡೇ ದಾಟ್ತಾರೆ, ಅಮ್ಮ ಮಾತ್ರ ಕೂತ್ರು. ದೋಣಿ ಎಷ್ಟು ಹಗುರವಾಗಿ ಜಾರತ್ತೆ ಅಂದ್ರೆ ನೀರಿನ ಶಬ್ದ ಬಿಟ್ರೆ ಏನೂ ಕೇಳಲ್ಲ.

ಆಚೆ ದಡದಲ್ಲಿ ರಿಯಾಲ್ತೊ ಮಾರ್ಕೆಟ್. ಮೀನಿನ ಮಾರ್ಕೆಟ್ ಭಾನುವಾರ ಸೋಮವಾರ ಇರಲ್ಲ, ಬೆಳಿಗ್ಗೆ ಹೊತ್ತು ಮಾತ್ರ. ನಾವು ಸಸ್ಯಾಹಾರಿಗಳು, ಆದ್ರೂ ಅಲ್ಲಿ ಗೋಡೆ ಮೇಲಿರೋ ಒಂದು ಹಳೇ ಕಲ್ಲಿನ ಫಲಕ ನೋಡೋಕೆ ಹೋದೆ, ಯಾವ ಜಾತಿ ಮೀನು ಕನಿಷ್ಠ ಎಷ್ಟು ಉದ್ದ ಇದ್ರೆ ಮಾರ್ಬಹುದು ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಕೆತ್ತಿದಾರೆ, ಅದಕ್ಕಿಂತ ಚಿಕ್ಕ ಮರಿ ಹಿಡಿಯೋ ಹಾಗಿಲ್ಲ. ನೀರನ್ನ ನಂಬಿ ಬದುಕೋ ಜನ ಅದಕ್ಕೊಂದು ಕಟ್ಟುಪಾಡು ಕಲ್ಲಲ್ಲಿ ಕೆತ್ತಿಟ್ಟಿದ್ದು ನನಗೆ ತುಂಬಾ ಇಷ್ಟ ಆಯ್ತು. ತರಕಾರಿ ಕಡೆ ಹೋದ್ರೆ ನೇರಳೆ ಬಣ್ಣದ ರದಿಕ್ಯೊ ಸೊಪ್ಪು, ಕುಂಬಳಕಾಯಿ, ಮತ್ತೆ ಬಕೆಟ್ಟಲ್ಲಿ ನಿಂಬೆಹಣ್ಣಿನ ನೀರು ಹಾಕಿ ಅದ್ರಲ್ಲಿ ಪಲ್ಲೆಹೂವಿನ, ಅಂದ್ರೆ ಆರ್ಟಿಚೋಕಿನ, ಬುಡ ಮಾತ್ರ ತಟ್ಟೆ ತರ ಕೊಯ್ದು ತೇಲಿ ಬಿಟ್ಟಿದ್ರು, ಮಾರೋ ಅಜ್ಜ ಮಾತಾಡ್ತಾ ಮಾತಾಡ್ತಾ ಕೈ ನೋಡದೇ ಚಾಕು ತಿರುಗಿಸ್ತಿದ್ದ.

ರಿಯಾಲ್ತೊ ಸೇತುವೆ ಬಗ್ಗೆ ಎಲ್ರೂ ಬರ್ದಿರ್ತಾರೆ, ಚಿಕ್ಕದಾಗಿ ಹೇಳ್ತೀನಿ. ಮೊದ್ಲು ಮರದ್ದಿತ್ತು, 1444ರಲ್ಲಿ ಮದುವೆ ಮೆರವಣಿಗೆ ನೋಡೋಕೆ ಜನ ತುಂಬ್ಕೊಂಡು ಕುಸಿದು ಬಿತ್ತು. ಈಗಿರೋ ಕಲ್ಲಿನ ಸೇತುವೆ 1588ರಿಂದ 1591ರಲ್ಲಿ ಆಂತೋನಿಯೊ ದಾ ಪೊಂತೆ ಕಟ್ಟಿದ್ದು, 28 ಮೀಟರ್ ಒಂದೇ ಕಮಾನು, ಕೆಳಗೆ ಎರಡೂ ಕಡೆ ಸೇರಿ ಸುಮಾರು 12,000 ಮರದ ಗೂಟ. ಇಡೀ ಊರು ನಿಂತಿರೋದೇ ಹಾಗೆ, ಕೆಸರಲ್ಲಿ ಮರದ ಗೂಟಗಳನ್ನ ಒತ್ತೊತ್ತಾಗಿ ಬಡಿದು, ಅದರ ಮೇಲೆ ಹಲಗೆ ಹಾಸಿ, ಅದರ ಮೇಲೆ ನೀರು ಹೀರದ, ಇಸ್ತ್ರಿಯಾ ಅನ್ನೋ ಪ್ರಾಂತ್ಯದ ಬಿಳಿ ಕಲ್ಲು, ಆಮೇಲೆ ಇಟ್ಟಿಗೆ. ಮರ ಕೊಳೆಯಲ್ವಾ ಅಂದ್ರೆ ಕೆಸರ ಒಳಗೆ ಗಾಳಿ ಇಲ್ಲ, ಗಾಳಿ ಇಲ್ದೆ ಮರ ಅಷ್ಟು ಬೇಗ ಕೊಳೆಯಲ್ಲ, ಶತಮಾನಗಟ್ಟಲೆ ನಿಲ್ಲತ್ತೆ. ಸೇತುವೆ ಇಳಿದ್ರೆ ಸಾನ್ ಬರ್ತೊಲೊಮಿಯೊ ಚೌಕ, ಅಲ್ಲೊಂದು ಔಷಧಿ ಅಂಗಡಿ ಕಿಟಕಿಯಲ್ಲಿ ಕೆಂಪು ಅಂಕಿಯ ಬೋರ್ಡು, ಈ ಹಳೇ ಊರಲ್ಲಿ ಇವತ್ತು ಎಷ್ಟು ಜನ ವಾಸ ಇದಾರೆ ಅಂತ. 50,000ಕ್ಕಿಂತ ಕೆಳಗಿತ್ತು. 1950ರ ದಶಕದ ಶುರುನಲ್ಲಿ 1,75,000 ಇತ್ತಂತೆ. ಅದನ್ನ ಓದಿ ಮುಂದೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಯ್ತು ನನಗೆ.

ಅಲ್ಲಿಂದ ಗೋಡೆ ಮೇಲಿನ ಹಳದಿ ಬೋರ್ಡು ಹಿಡ್ಕೊಂಡು ಹೋದ್ರೆ ಸಾನ್ ಮಾರ್ಕೊ ಸಿಗತ್ತೆ, ಮ್ಯಾಪು ಬೇಡ, ಈ ಸಂದುಗಳಲ್ಲಿ ಫೋನ್ ಮ್ಯಾಪು ನಂಬಿದ್ರೆ ನೀರಿನ ಅಂಚಿಗೆ ತಂದು ನಿಲ್ಲಿಸತ್ತೆ. ಹತ್ತು ಗಂಟೆ ಹೊತ್ತಿಗೆ ಚೌಕದ ಹತ್ರ ಬಂದ್ವಿ. ಈಗ ನೋಡಿ, ನಾನು ಅಂದ್ಕೊಂಡಿದ್ದು ಸಮುದ್ರದ ಕಡೆಯಿಂದ ಅಲೆ ತರ ನೀರು ಒಳಗೆ ನುಗ್ಗತ್ತೆ ಅಂತ, ಆದ್ರೆ ಹಾಗಲ್ಲ, ನೀರು ಬರೋದು ಕೆಳಗಿಂದ. ಚೌಕದ ಕಲ್ಲುಹಾಸಿನಲ್ಲಿ ಮಳೆ ನೀರು ಹೋಗೋಕೆ ಅಂತ ಮಾಡಿರೋ ಸಣ್ಣ ಸಣ್ಣ ತೂತುಗಳಿವೆ, ಸಮುದ್ರ ಏರಿದಾಗ ಅದೇ ತೂತಲ್ಲಿ ನೀರು ವಾಪಸ್ ಮೇಲೆ ಉಕ್ಕತ್ತೆ. ನಾವು ಒಂದು ತೂತಿನ ಹತ್ರಾನೇ ನಿಂತ್ಕೊಂಡ್ವಿ. ಮೊದ್ಲು ಕಲ್ಲು ಒದ್ದೆ ಆಯ್ತು, ಆಮೇಲೆ ಒಂದು ಬಿಲ್ಲೆ ಅಗಲ ನೀರು, ಗುಳುಗುಳು ಅಂತ ಸಣ್ಣ ಗುಳ್ಳೆ, ಐದು ನಿಮಿಷಕ್ಕೆ ತಟ್ಟೆ ಅಗಲ, ಹತ್ತು ನಿಮಿಷಕ್ಕೆ ಪಕ್ಕದ ತೂತಿನ ನೀರಿನ ಜೊತೆ ಸೇರ್ಕೊಂಡು ಕೊಳ ಆಯ್ತು. ಶಬ್ದ ಇಲ್ಲ ಗಲಾಟೆ ಇಲ್ಲ. ಹತ್ತೂವರೆಗೆ ಬಸಿಲಿಕಾ, ಅಂದ್ರೆ ಸಂತ ಮಾರ್ಕನ ದೊಡ್ಡ ಚರ್ಚಿನ ಎದುರು ಪೂರ್ತಿ ಕನ್ನಡಿ, ಐದೂ ಗುಮ್ಮಟ, ಗಂಟೆಗೋಪುರ ಎಲ್ಲಾ ತಲೆಕೆಳಗಾಗಿ ನೀರಲ್ಲಿ. ಪುರಸಭೆಯೋರು ಮರದ ಹಲಗೆ ಮೇಜುಗಳನ್ನ ಸಾಲಾಗಿ ಜೋಡಿಸಿ ಕಾಲುದಾರಿ ಮಾಡಿದ್ರು, ಜನ ಅದರ ಮೇಲೆ ಸಾಲಲ್ಲಿ. ಬೀದೀಲಿ ಮಾರ್ತಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶೂ ಕವರು ಹತ್ತು ಯೂರೋ ಕೊಟ್ಟು ಒಂದು ಜೊತೆ ತಗೊಂಡೆ, ಅರ್ಧ ಗಂಟೇಲಿ ಹರಿದೋಯ್ತು, ತಗೋಬೇಡಿ, ಮಂಡಿ ಉದ್ದದ ರಬ್ಬರ್ ಬೂಟು ಇದ್ರೆ ಸರಿ, ಇಲ್ದಿದ್ರೆ ಹಲಗೆ ಮೇಲೆ ನಡೀರಿ ಸಾಕು.

ಸಮುದ್ರ ತಡೆಯೋಕೆ ಅಂತ ಇಷ್ಟೆಲ್ಲಾ ಗೇಟು ಹಾಕಿದಾರಲ್ಲ ಮತ್ತೆ ಯಾಕೆ ನೀರು ಅಂತ ಹೆಂಡ್ತಿ ಕೇಳಿದ್ಲು. ಹೌದು, ಲಗೂನು ಅಂದ್ರೆ ಊರಿನ ಸುತ್ತ ಇರೋ ಸಮುದ್ರದ ಹಿನ್ನೀರು, ಅದು ಸಮುದ್ರಕ್ಕೆ ತೆರೆಯೋ ಮೂರು ಬಾಯಿಗಳಲ್ಲಿ ಒಟ್ಟು 78 ಕಬ್ಬಿಣದ ಗೇಟು ಇವೆ, ಮೊಸೆ ಅಂತ ಹೆಸರು, ಮಾಮೂಲಿ ದಿನ ನೀರು ತುಂಬ್ಕೊಂಡು ತಳದಲ್ಲಿ ಮಲಗಿರ್ತವೆ, ಬೇಕಾದಾಗ ಒಳಗಿನ ನೀರು ತಳ್ಳಿ ಗಾಳಿ ತುಂಬಿದ್ರೆ ಎದ್ದು ನಿಲ್ತವೆ. ಮೊದಲ ಸಲ ನಿಜವಾದ ಉಬ್ಬರಕ್ಕೆ ಎತ್ತಿದ್ದು 2020ರ ಅಕ್ಟೋಬರ್ 3ಕ್ಕೆ. ಆದ್ರೆ ಸುಮಾರು 110 ಮುಟ್ಟೋ ಮುನ್ಸೂಚನೆ ಇದ್ರೆ ಮಾತ್ರ ಎತ್ತೋದು, ಗೇಟು ಮುಚ್ಚಿದ್ರೆ ಬಂದರಿಗೆ ಹಡಗು ಬರಲ್ಲ, ಲಗೂನಿಗೆ ಹೊಸ ನೀರು ಬರಲ್ಲ. ಹಾಗಾಗಿ 95ಕ್ಕೆಲ್ಲ ಸಾನ್ ಮಾರ್ಕೊ ಒದ್ದೆ ಆಗೋದು ಮಾಮೂಲಿ. ಬಸಿಲಿಕಾಗೆ ಮಾತ್ರ ಸುತ್ತ ಗಾಜಿನ ತಡೆಗೋಡೆ ಹಾಕಿದಾರೆ 2022ರಲ್ಲಿ, ಗಾಜಿನ ಈಚೆ ನೀರು, ಆಚೆ ಒಣಗಿದ ನೆಲ, ಅದು ನೋಡೋ ಅಂಥ ದೃಶ್ಯ.

ಬಸಿಲಿಕಾ ಒಳಗೆ ಭುಜ ಮಂಡಿ ಮುಚ್ಚಿರ್ಬೇಕು, ದೊಡ್ಡ ಬ್ಯಾಗ್ ಬಿಡಲ್ಲ. 828ರಲ್ಲಿ ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ಅಸ್ಥಿ ಇಬ್ಬರು ವರ್ತಕರು ಹೊತ್ತು ತಂದ್ರು ಅನ್ನೋ ಕಥೆ, ಅದಕ್ಕೆ ಕಟ್ಟಿದ್ದು, ಈಗಿನ ಕಟ್ಟಡ 1094ರಲ್ಲಿ ಪ್ರತಿಷ್ಠಾಪನೆ ಆಗಿದ್ದು. ತಲೆ ಎತ್ತಿದ್ರೆ ಸುಮಾರು 8,000 ಚದರ ಮೀಟರ್ ಚಿನ್ನದ ಬಣ್ಣದ ಮೊಸಾಯಿಕ್, ಎಲ್ರೂ ಮೇಲೇ ನೋಡ್ತಾರೆ. ನೀವು ಕೆಳಗೂ ನೋಡಿ. ನೆಲದ ಬಣ್ಣಬಣ್ಣದ ಅಮೃತಶಿಲೆ ಹಾಸು ಸಮ ಇಲ್ಲ, ಅಲೆ ಅಲೆ ಆಗಿದೆ, ಕೆಳಗಿನ ಕೆಸರು ಒಂದೊಂದು ಕಡೆ ಒಂದೊಂದು ತರ ಕುಸಿದು ಶತಮಾನಗಳಲ್ಲಿ ಹಾಗಾಗಿದೆ, ನಡೆದ್ರೆ ಕಾಲಿಗೆ ಗೊತ್ತಾಗತ್ತೆ. ಬಾಗಿಲ ಹೊರಗಿನ ಮೊಗಸಾಲೆ ಕಂಬಗಳ ಬುಡದಲ್ಲಿ ಉಪ್ಪು ತಿಂದು ಕಲ್ಲು ಪುಡಿ ಉದುರಿರೋದು ಕಾಣತ್ತೆ, ಬೆರಳಿಗೆ ಹತ್ತತ್ತೆ. ನೀರು ಬಂದು ಹೋಗೋದಕ್ಕಿಂತ ಅದು ಬಿಟ್ಟು ಹೋಗೋ ಉಪ್ಪೇ ಕೆಟ್ಟದ್ದು.

ಆಮೇಲೆ ಪಕ್ಕದ ದೋಜೆ ಅರಮನೆ. ದೋಜೆ ಅಂದ್ರೆ ಇಲ್ಲಿನ ಗಣರಾಜ್ಯದ ಮುಖ್ಯಸ್ಥ, ವಂಶದಿಂದ ಬರೋ ರಾಜ ಅಲ್ಲ, ಚುನಾಯಿಸಿದೋರು, 1797ರಲ್ಲಿ ನೆಪೋಲಿಯನ್ ಬಂದು ಎಲ್ಲಾ ಮುಗಿಯೋ ತನಕ. ಟಿಕೆಟ್ ಮೊದ್ಲೇ ಆನ್‌ಲೈನ್ ತಗೊಂಡ್ರೆ ಕಮ್ಮಿ ಬೀಳತ್ತೆ. ಒಳಗಿನ ಮಹಾಸಭೆ ಹಾಲು 53 ಮೀಟರ್ ಉದ್ದ 25 ಮೀಟರ್ ಅಗಲ, ಮಧ್ಯ ಒಂದು ಕಂಬ ಇಲ್ಲ. ಗೋಡೆ ಮೇಲ್ಗಡೆ ದೋಜೆಗಳ ಚಿತ್ರಗಳ ಸಾಲು, ಒಂದು ಜಾಗದಲ್ಲಿ ಮುಖದ ಬದ್ಲು ಕಪ್ಪು ಬಟ್ಟೆ ಬರ್ದಿದಾರೆ, ಮರೀನೊ ಫಾಲಿಯೆರ್ ಅನ್ನೋನು ಅಧಿಕಾರ ಕಿತ್ಕೊಳ್ಳೋಕೆ ಹೋಗಿ 1355ರಲ್ಲಿ ತಲೆ ಕಳ್ಕೊಂಡ. ನಿಟ್ಟುಸಿರ ಸೇತುವೆ ಒಳಗಿಂದ ದಾಟಿದ್ವಿ, ಕಲ್ಲಿನ ಜಾಲಂಧ್ರದಲ್ಲಿ ಲಗೂನಿನ ಒಂದು ತುಂಡು ಕಾಣತ್ತೆ ಅಷ್ಟೇ. ಜೈಲಿನ ಕೆಳಗಿನ ಕೋಣೆಗಳಿಗೆ ಪೊತ್ಸಿ ಅಂತ ಹೆಸರಂತೆ, ಅಂದ್ರೆ ಬಾವಿಗಳು. ಮತ್ತೆ ಅಂಗಳಕ್ಕೆ ಬಂದಾಗ ನಿಜವಾದ ಎರಡು ಬಾವಿಕಟ್ಟೆ, 16ನೇ ಶತಮಾನದ ಕಂಚಿನವು, ಮೈತುಂಬಾ ಕೆತ್ತನೆ. ಅಮ್ಮ ಅಲ್ಲೇ ನಿಂತು ಕೇಳಿದ್ರು, ಸುತ್ತ ಉಪ್ಪುನೀರು ಇಟ್ಕೊಂಡು ಬಾವಿ ತೋಡಿದ್ರೆ ಏನು ಬರತ್ತೆ, ಉಪ್ಪುನೀರೇ ತಾನೆ? ಆ ಪ್ರಶ್ನೆ ನಾನು ಯಾವ ಗೈಡ್ ಪುಸ್ತಕ ಓದುವಾಗ್ಲೂ ಕೇಳ್ಕೊಂಡಿರ್ಲಿಲ್ಲ.

ಊಟದ ವಿಷ್ಯ ಬೇಗ ಮುಗಿಸ್ತೀನಿ, ಬಾರಲ್ಲಿ ನಿಂತ್ಕೊಂಡು ತಿಂದ್ರೆ ಒಂದು ರೇಟು ಕೂತ್ರೆ ಇನ್ನೊಂದು ರೇಟು, ನಾವು ಸಂದಿಯೊಳಗಿನ ಒಂದು ಚಿಕ್ಕ ಜಾಗದಲ್ಲಿ ಮೊಟ್ಟೆ ಮೀನು ಇಲ್ಲದ ತ್ರಮೆಜ್ಜೀನಿ, ಅಂದ್ರೆ ಮೂಲೆ ಮೂಲೆಯಾಗಿ ಕತ್ತರಿಸಿದ ಮೆತ್ತಗಿನ ಬ್ರೆಡ್ಡು, ಕೇಳಿ ಕೇಳಿ ಆರಿಸ್ಕೊಂಡು ತಿಂದ್ವಿ. ಒಂದು ಗಂಟೆಗೆ ಚೌಕದ ಕಡೆ ಮತ್ತೊಂದು ಸಲ ನೋಡಿದ್ರೆ ನೀರು ಮಾಯ, ಅದೇ ತೂತುಗಳಲ್ಲಿ ವಾಪಸ್ ಇಳಿದು ಹೋಗಿತ್ತು, ಹಲಗೆಗಳನ್ನ ಒಂದರ ಮೇಲೊಂದು ಪೇರಿಸ್ತಿದ್ರು.

ಮುರಾನೊ ಬುರಾನೊ ದ್ವೀಪಗಳಿಗೆ ಹೋಗ್ಲಿಲ್ಲ. ಒಂದೇ ದಿನ ಇರೋರು ಹೋಗ್ಬಾರ್ದು ಅಂತ ನನ್ನ ಅಭಿಪ್ರಾಯ, ಅರ್ಧ ದಿನ ಬೋಟಲ್ಲೇ ಕಳೆಯತ್ತೆ. ಬದ್ಲು ಸಾಂತೊ ಸ್ತೆಫಾನೊ ಚೌಕ ದಾಟಿ ಅಕಾದೆಮಿಯಾ ಮರದ ಸೇತುವೆ ಹತ್ತಿ, ಮೇಲಿಂದ ಸಲೂತೆ ಗುಮ್ಮಟ ನೋಡಿ, ಆಚೆ ದೊರ್ಸೊದೂರೊ ಭಾಗಕ್ಕೆ ಇಳಿದ್ವಿ. ಇಲ್ಲಿ ಜನ ಕಮ್ಮಿ, ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಗಿಸಿರ್ತಾರೆ, ಸ್ಕೂಲು ಬಿಟ್ಟ ಮಕ್ಕಳು ಚೌಕದಲ್ಲಿ ಬಾಲ್ ಆಡ್ತಿರ್ತಾರೆ. ಹೋಗಬೇಕಾಗಿದ್ದು ಸಾನ್ ತ್ರೊವಾಸೊಗೆ, ಅಲ್ಲೊಂದು ಗೊಂಡೊಲಾ ಕಟ್ಟೋ ಮನೆ ಇದೆ, ಸ್ಕ್ವೇರೊ ಅಂತಾರೆ, ಕಾಲುವೆ ಈಚೆಯಿಂದ ನೋಡ್ಬಹುದು. ಮರದ ಮನೆ, ಇಳಿಜಾರಿನ ದಡ, ಅದರ ಮೇಲೆ ಮಗುಚಿ ಹಾಕಿದ ಕಪ್ಪು ಗೊಂಡೊಲಾಗಳು. ಒಂದು ಗೊಂಡೊಲಾ ಹತ್ತತ್ರ 11 ಮೀಟರ್ ಉದ್ದ, ಎಂಟು ಜಾತಿ ಮರ ಬಳಸ್ತಾರೆ. ಹಿಂದಿನಿಂದ ನೋಡಿದ್ರೆ ಗೊತ್ತಾಗತ್ತೆ, ಅದು ನೇರ ಇಲ್ಲ, ಎಡಗಡೆ 24 ಸೆಂಟಿಮೀಟರ್ ಜಾಸ್ತಿ ಅಗಲ. ಹುಟ್ಟು ಒಂದೇ, ಅದೂ ಬಲಗಡೆ, ಹಾಗಾಗಿ ದೋಣಿ ಎಡಕ್ಕೇ ತಿರುಗ್ತಾ ಇರತ್ತೆ, ಅದನ್ನ ಸರಿದೂಗಿಸೋಕೆ ದೋಣಿಯನ್ನೇ ಸೊಟ್ಟ ಕಟ್ಟಿದಾರೆ. ಸೊಟ್ಟ ಇರೋದ್ರಿಂದಾನೇ ನೇರ ಹೋಗತ್ತೆ.

ಗೊಂಡೊಲಾ ನೋಡಿ ತಿರುಗಿದ್ರೆ ಪಕ್ಕದ ಚರ್ಚಿನ ಎದುರು ಚೌಕದ ನೆಲ ಮೂರ್ನಾಕು ಮೆಟ್ಟಿಲು ಎತ್ತರಕ್ಕಿದೆ, ಮಧ್ಯ ಬಾವಿಕಟ್ಟೆ. ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಇದು ಅಂತರ್ಜಲದ ಬಾವಿ ಅಲ್ಲ, ಮಳೆನೀರಿನ ತೊಟ್ಟಿ. ಚೌಕದ ಕೆಳಗೆ ಹಲವು ಮೀಟರ್ ಆಳ ಗುಂಡಿ ತೋಡಿ, ಸುತ್ತ ಜೇಡಿಮಣ್ಣು ಮೆತ್ತಿ, ಆಚೆ ಉಪ್ಪುನೀರು ಒಳಗೆ ಬರದ ಹಾಗೆ ಮುಚ್ಚಿ, ಒಳಗೆಲ್ಲಾ ಮರಳು ತುಂಬ್ತಿದ್ರು. ಮಧ್ಯದಲ್ಲಿ ಇಟ್ಟಿಗೆಯ ಬಾವಿ ಕೊಳವೆ. ಚೌಕದ ಮೇಲೆ ಬಾವಿ ಸುತ್ತ ತೂತಿನ ಕಲ್ಲುಗಳು, ಮಳೆ ನೀರು ಅದರಲ್ಲಿ ಇಳಿದು, ಮರಳಲ್ಲಿ ಸೋಸಿ ಸೋಸಿ, ತಳದಲ್ಲಿ ಬಾವಿಗೆ ಬಸೀತಿತ್ತು. ಅಂದ್ರೆ ಇಡೀ ಚೌಕವೇ ಫಿಲ್ಟರು. ನಾವು ಬಾವಿ ಅಂತ ನೋಡೋ ಕಲ್ಲು ಅದರ ಬಾಯಿ ಮಾತ್ರ. ಉಬ್ಬರದ ನೀರು ಆ ತೂತಲ್ಲಿ ಒಂದು ಸಲ ಹೊಕ್ಕಿದ್ರೆ ಮರಳೆಲ್ಲಾ ಉಪ್ಪು, ಅದಕ್ಕೇ ಇಲ್ಲಿ ಚೌಕವನ್ನೇ ಮೆಟ್ಟಿಲು ಕಟ್ಟಿ ಎತ್ತರಿಸಿದ್ದು. ಬೆಳಿಗ್ಗೆ ಸಾನ್ ಮಾರ್ಕೊದಲ್ಲಿ ತೂತಿಂದ ನೀರು ಉಕ್ಕಿದ್ದು ನೋಡಿದ್ವಲ್ಲ, ಹಾಗಾಗಿ ಈ ಮೂರು ಮೆಟ್ಟಿಲಿನ ಬೆಲೆ ಏನು ಅಂತ ತಟ್ಟನೆ ಹೊಳೀತು.

19ನೇ ಶತಮಾನದ ಮಧ್ಯದಲ್ಲಿ ಇಂಥ ಬಾವಿ ಊರಲ್ಲಿ ಆರು ಸಾವಿರಕ್ಕಿಂತ ಹೆಚ್ಚಿದ್ವು. ಬೇಸಿಗೆಯಲ್ಲಿ ಮಳೆ ಕೈಕೊಟ್ರೆ ಬ್ರೆಂತಾ ನದಿ ಕಡೆಯಿಂದ ದೋಣೀಲಿ ಸಿಹಿನೀರು ತುಂಬ್ಕೊಂಡು ಬಂದು ಬಾವಿಗೆ ಸುರೀತಿದ್ರು, ಅದೇ ಕೆಲಸ ಮಾಡೋರದ್ದೇ ಒಂದು ಸಂಘ ಇತ್ತು. 1884ರಲ್ಲಿ ಆಚೆ ದಡದಿಂದ ಪೈಪ್ ನೀರು ಬಂತು, ಬಾವಿಗಳಿಗೆ ಮುಚ್ಚಳ ಬಿತ್ತು. ಸಮುದ್ರದ ನೆಂಟಸ್ತನ ಉಪ್ಪಿಗೆ ಬಡತನ ಅಂತೀವಲ್ಲ, ಇವ್ರಿಗೆ ಉಪ್ಪಿಗೆ ಬಡತನ ಇರ್ಲಿಲ್ಲ, ಉಪ್ಪು ಮಾರೇ ಮೊದ್ಲು ದುಡ್ಡು ಮಾಡಿದೋರು, ಬಡತನ ಇದ್ದಿದ್ದು ಒಂದು ಲೋಟ ಸಿಹಿನೀರಿಗೆ.

ಅಮ್ಮ ಮೆಟ್ಟಿಲು ಹತ್ತಿ ಬಾವಿಕಟ್ಟೆ ಅಂಚಿನ ಮೇಲೆ ಕೈ ಇಟ್ರು. ಬಿಳಿ ಕಲ್ಲಿನ ಒಳ ಅಂಚಲ್ಲಿ ಬೆರಳು ಕೂರೋ ಅಷ್ಟು ಆಳದ ಗೀರುಗಳು, ಒಂದರ ಪಕ್ಕ ಒಂದು, ನುಣ್ಣಗೆ ಸವೆದಿದ್ವು. ಯಾರೋ ಕೆತ್ತಿದಾರೆ ಅಂದ್ಕೊಂಡೆ ನಾನು. ಹಗ್ಗ ಕಣೋ ಅಂದ್ರು ಅಮ್ಮ. ಬಗ್ಗಿ ಬಗ್ಗಿ ಸೇದಿ ಹಗ್ಗ ಉಜ್ಜಿ ಉಜ್ಜಿ ಆಗಿರೋದು, ಅಜ್ಜಿಮನೆ ಬಾವೀಲೂ ಹೀಗೇ ಇತ್ತು, ನೀನು ಹುಟ್ಟೋ ಮುಂಚೆ ಮುಚ್ಚಿಸಿದ್ರು. ಒಂದೊಂದೇ ಗೀರಲ್ಲಿ ಬೆರಳು ಇಟ್ಟು ನೋಡ್ತಾ ಪೂರ್ತಿ ಒಂದು ಸುತ್ತು ಬಂದ್ರು. ಇಲ್ಲಿ ಜಾಸ್ತಿ ಸವೆದಿದೆ ನೋಡು, ಈ ಕಡೆ ನಿಂತು ಸೇದೋರು ಜಾಸ್ತಿ ಅಂದ್ರು. ಬೆಳಿಗ್ಗೆಯಿಂದ ಚಿನ್ನದ ಗುಮ್ಮಟ ಅರಮನೆ ಎಲ್ಲಾ ನೋಡಿದ್ವಿ, ಅಮ್ಮ ತಾನಾಗೇ ಫೋಟೋ ತೆಗಿ ಅಂತ ಕೇಳಿದ್ದು ಅಲ್ಲೊಂದೇ ಕಡೆ.

ನಾಲ್ಕು ಗಂಟೆಗೆ ತ್ಸಾತೆರೆಗೆ ಬಂದ್ವಿ, ಜುದೆಕ್ಕಾ ಕಾಲುವೆ ಉದ್ದಕ್ಕೂ ಅಗಲವಾದ ಕಟ್ಟೆ, ಬಿಸಿಲು ಚೆನ್ನಾಗಿ ಬೀಳತ್ತೆ. ಮೊದ್ಲೆಲ್ಲಾ ಏಳೆಂಟು ಮಹಡಿ ಎತ್ತರದ ಕ್ರೂಸ್ ಹಡಗುಗಳು ಇಲ್ಲೇ ಮೂಗಿನ ಮುಂದೆ ಹೋಗ್ತಿದ್ವು, 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳನ್ನ ನಿಲ್ಸಿದಾರೆ, ಒಳ್ಳೇ ಕೆಲಸ. ಕಟ್ಟೆ ಮೇಲೆ ನಡೀತಾ ಹೋದ್ರೆ ಒಂದರ ಪಕ್ಕ ಒಂದು ದೊಡ್ಡ ದೊಡ್ಡ ಬಾಗಿಲಿನ ಉದ್ದನೆ ಕಟ್ಟಡ, ಅದೇ ಹಳೇ ಉಪ್ಪಿನ ಗೋದಾಮು, ಈಗ ಚಿತ್ರ ಪ್ರದರ್ಶನಕ್ಕೆ ಬಳಸ್ತಾರೆ. ತುದೀಗೆ ಹೋಗಿ ತಿರುಗಿದ್ರೆ ಸಲೂತೆ ಚರ್ಚು. 1630ರ ಪ್ಲೇಗಲ್ಲಿ ಊರಿನ ಮೂರರಲ್ಲಿ ಒಂದು ಪಾಲು ಜನ ಹೋದ್ಮೇಲೆ ಹರಕೆ ಹೊತ್ತು ಕಟ್ಟಿದ್ದು, 1631ಕ್ಕೆ ಶುರು, 1687ಕ್ಕೆ ಮುಗೀತು, ಕೆಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮರದ ಗೂಟ ಅಂತಾರೆ. ಇವತ್ತಿಗೂ ಪ್ರತಿ ನವೆಂಬರ್ 21ಕ್ಕೆ ಗ್ರ್ಯಾಂಡ್ ಕೆನಾಲ್ ಮೇಲೆ ತಾತ್ಕಾಲಿಕ ಸೇತುವೆ ಹಾಕಿ ಊರೆಲ್ಲಾ ಮೇಣದಬತ್ತಿ ಹಚ್ಚೋಕೆ ಬರತ್ತೆ.

ಸಲೂತೆ ಎದುರಿನ ಅಗಲ ಮೆಟ್ಟಿಲು ಹತ್ರ ನಿಂತಾಗ ಸೂರ್ಯ ಮುಳುಗ್ತಿದ್ದ, ನವೆಂಬರಲ್ಲಿ ಐದಕ್ಕೆ ಮುಂಚೇನೇ ಮುಳುಗತ್ತೆ. ನೀರು ಈಗ ಪೂರ್ತಿ ಇಳಿದಿತ್ತು. ದಡದ ಮೆಟ್ಟಿಲು ಎಣಿಸಿದೆ, ನೀರಿನ ಕಡೆಗೆ ಇಳಿಯೋ ಮೆಟ್ಟಿಲಲ್ಲಿ ಕೆಳಗಿನ ನಾಲ್ಕು ಹಸಿರು ಪಾಚಿ ಕಟ್ಟಿ ಮಿರಮಿರ ಅಂತಿದ್ವು, ಇವೆಲ್ಲಾ ಬೆಳಿಗ್ಗೆ ಹತ್ತೂವರೆಗೆ ನೀರಿನ ಅಡಿ ಇದ್ದ ಮೆಟ್ಟಿಲು. ಎದುರು ದಡದ ಮನೆಗಳ ಗೋಡೆಯಲ್ಲೂ ಅದೇ ಹಸಿರು ಗೆರೆ, ಅಳತೆ ಹಿಡಿದು ಎಳೆದ ಹಾಗೆ ಒಂದೇ ಮಟ್ಟಕ್ಕೆ. ಆ ಗೆರೆ ಪಕ್ಕ ಹಳೇ ಕಾಲದ ಬಾಗಿಲುಗಳು, ಅದರ ಹೊಸ್ತಿಲೂ ಹಸಿರು, ಕೆಳ ಅಂತಸ್ತಲ್ಲಿ ಯಾರೂ ಇರಲ್ಲ. 1897ರಿಂದೀಚೆಗೆ ಭೂಮಿ ಕುಸಿದಿದ್ದು, ಸಮುದ್ರ ಏರಿದ್ದು ಎರಡೂ ಸೇರಿ ಇಪ್ಪತ್ತು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಆಗಿದೆ, ಆಚೆ ದಡದ ಕಾರ್ಖಾನೆಗಳು ಬೋರ್ ಹಾಕಿ ಅಂತರ್ಜಲ ಎತ್ತಿದ್ದೂ ಅದಕ್ಕೆ ಒಂದು ಕಾರಣ, 1970ರ ದಶಕದಲ್ಲಿ ಅದನ್ನ ನಿಲ್ಲಿಸಿದ್ರು. ಬೆಳಿಗ್ಗೆ ಕಾಲು ಒದ್ದೆ ಮಾಡಿದ ನೀರಿನ ಆಳ ಹತ್ತು ಹದಿನೈದು ಸೆಂಟಿಮೀಟರ್. ಅಂದ್ರೆ 1897ರಲ್ಲಿ ಇದೇ ಹುಣ್ಣಿಮೆ ಉಬ್ಬರಕ್ಕೆ ಚೌಕ ಒಣಗೇ ಇರ್ತಿತ್ತು. ಆ ಲೆಕ್ಕ ಮನಸ್ಸಲ್ಲಿ ಕೂತ್ಮೇಲೆ ಆ ಹಸಿರು ಗೆರೆಯನ್ನ ಬರೀ ಪಾಚಿ ಅಂತ ನೋಡೋಕೆ ಆಗ್ಲಿಲ್ಲ.

ಕತ್ತಲಾದ್ಮೇಲೆ ಸಲೂತೆಯಿಂದ ಮತ್ತೆ ಲೈನ್ 1 ಹತ್ತಿದ್ವಿ, ಮುಂದಿನ ಸೀಟು ಸಿಕ್ತು. ರಾತ್ರಿ ಅರಮನೆಗಳ ಮೇಲ್ಮಹಡಿಯಲ್ಲಿ ಅಲ್ಲೊಂದು ಇಲ್ಲೊಂದು ಮನೇಲಿ ಮಾತ್ರ ದೀಪ, ಆ ದೀಪದಲ್ಲಿ ಬಣ್ಣದ ತೊಲೆಗಳ ಛಾವಣಿ ಕಾಣತ್ತೆ, ಅದನ್ನ ನೋಡೋಕೇ ರಾತ್ರಿ ಒಂದು ಸಲ ಹೋಗ್ಬೇಕು. ಸ್ಟೇಷನ್ ಹತ್ರ ಇಳಿದು ಟ್ರೈನಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು ಅಂತ ಎದುರಿನ ಮೆಟ್ಟಿಲ ಪಕ್ಕ ನಿಂತ್ವಿ. ಬೀದಿ ನಲ್ಲಿ ಒಂದಿತ್ತು, ಇಂಥ ಕುಡಿಯೋ ನೀರಿನ ನಲ್ಲಿ ಊರಲ್ಲಿ ನೂರಕ್ಕೂ ಹೆಚ್ಚಿವೆ, ಪುಕ್ಕಟೆ, ಬಾಟಲಿ ದುಡ್ಡು ಕೊಟ್ಟು ತಗೊಳ್ಳೋ ಅವಶ್ಯಕತೆ ಇಲ್ಲ. ಅಮ್ಮ ಬಾಟಲಿ ತುಂಬಿಸ್ಕೊಂಡು ಒಂದು ಗುಟುಕು ಕುಡಿದು, ಸಿಹಿಯಾಗಿದೆ ಅಂದ್ರು. ಕೆಳಗೆ ಕಾಲುವೆ ನೀರು ಆಗ್ಲೇ ಮತ್ತೆ ಏರೋಕೆ ಶುರು ಮಾಡಿತ್ತು, ಪಾಚಿ ಮೆಟ್ಟಿಲಲ್ಲಿ ಕೆಳಗಿನದು ಒಂದು ಮುಳುಗಿತ್ತು, ಎರಡನೇದರ ಅಂಚಿಗೆ ನೀರು ಬಂದು ಮುಟ್ಟಿ ಮುಟ್ಟಿ ಹೋಗ್ತಿತ್ತು.